ಕ್ಯಾರವಾನ್ ಕಿಟಕಿಗೆ ಸಿಲಿಕಾನ್ ಬಳಿದ್ರೆ ಸೋರೂದು ನಿಲ್ಲೂದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾರದ ಪುರವಣಿಯಲ್ಲಿ ಕರಾವಳಿಯ ಕ್ಯಾರವಾನ್ ಪ್ರವಾಸದ ಬಗ್ಗೆ ದೊಡ್ಡ ಲೇಖನ ಬಂದಿತ್ತು. ಫೋಟೋ ಚಂದ ಇತ್ತು, ಮಳೆಗಾಲದಲ್ಲಿ ಗಾಡಿಯೊಳಗೇ ಚಾ ಕಾಯ್ಸಿ ಕುಡೀತಾ ಕಿಟಕಿಯಿಂದ ಸಮುದ್ರ ನೋಡೂದು ಎಲ್ಲ ಬರ್ದಿದ್ರಿ, ಸರಿ. ಆದ್ರೆ ಕೊನೆಗೆ ಟಿಪ್ಸ್ ಕೊಡುವಾಗ, ಕಿಟಕಿ ಸೋರಿದ್ರೆ ಒಂದು ಸಿಲಿಕಾನ್ ಟ್ಯೂಬ್ ತಂದು ಸುತ್ತ ಬಳಿದ್ರೆ ಆಯ್ತು ಅನ್ನುವ ಹಾಗೆ ಒಂದು ಮಾತು ಹಾಕಿದ್ದೀರಲ್ಲ, ಅದನ್ನ ಓದಿ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ. ನಾನು ಕುಮಟಾದಲ್ಲಿ ಗಾಜು, ಅಲ್ಯುಮಿನಿಯಂ ಕೆಲಸ ಮಾಡುವವ. ಮನೆ ಕಿಟಕಿ, ಅಂಗಡಿ ಶೋಕೇಸು ಮುಖ್ಯ, ಅದ್ರ ಜೊತೆ ಟೆಂಪೋ ಟ್ರಾವೆಲರು, ಸ್ಕೂಲ್ ವ್ಯಾನು, ಈಗೀಗ ಗೋಕರ್ಣ ಕಡೆ ಬರುವ ಈ ಕ್ಯಾರವಾನ್, ಕ್ಯಾಂಪರ್ ಗಾಡಿಗಳ ಕಿಟಕಿ ರಿಪೇರಿನೂ ಬರ್ತದೆ. ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಮೊದಲೇ ಯಾರೋ ಸಿಲಿಕಾನ್ ಬಳ್ದಿರ್ತಾರೆ, ಒಂದರ ಮೇಲೆ ಒಂದು ಮೂರ್ನಾಲ್ಕು ಪದರ, ಅದನ್ನ ಕೆರೆದು ತೆಗೀಲಿಕ್ಕೇ ಅರ್ಧ ದಿನ ಹೋಗ್ತದೆ, ಕೂಲಿ ಕೊಡುವವರಿಗೂ ಬೇಜಾರು ನಮಗೂ ಬೇಜಾರು.

ಈ ಕಿಟಕಿ ಗೋಡೆಗೆ ಹೇಗೆ ಕೂತಿರ್ತದೆ ಹೇಳಿ ಗೊತ್ತಾದ್ರೆ ಬಳಿಯೂದು ಎಂತಕ್ಕೆ ಪ್ರಯೋಜನ ಇಲ್ಲ ಅನ್ನೂದು ತನ್ನಷ್ಟಕ್ಕೇ ಗೊತ್ತಾಗ್ತದೆ. ಅಮೆರಿಕದವರು ಆರ್‌ವಿ ಹೇಳ್ತಾರಲ್ಲ, ಅಂಥ ಗಾಡಿಗಳಲ್ಲಿ ಗೋಡೆಗೆ ಒಂದು ಕಿಂಡಿ ಕೊರೆದು ಹೊರಗಿಂದ ಅಲ್ಯುಮಿನಿಯಂ ಫ್ರೇಮು ಇಡ್ತಾರೆ, ಒಳಗಿಂದ ಇನ್ನೊಂದು ರಿಂಗು ಇಟ್ಟು ಸ್ಕ್ರೂ ಹಾಕಿ ಎರಡನ್ನೂ ಬಿಗೀತಾರೆ, ಗೋಡೆ ನಡುವೆ ಸಿಕ್ಕಿಕೊಳ್ತದೆ. ಹೊರಗಿನ ಫ್ರೇಮಿನ ಅಂಚಿಗೂ ಗೋಡೆಗೂ ನಡುವೆ ಬ್ಯೂಟೈಲ್ ಟೇಪು ಅಂತ ಒಂದು ಜಿಗುಟು ರಬ್ಬರ್ ಪಟ್ಟಿ ಇರ್ತದೆ, ಅದು ಯಾವತ್ತೂ ಪೂರ್ತಿ ಗಟ್ಟಿ ಆಗೂದಿಲ್ಲ, ಗಾಡಿ ಅಲುಗಾಡಿದ ಹಾಗೆ ತಾನೂ ಎಳ್ಕೊಂಡು ಒತ್ಕೊಂಡು ಇರ್ತದೆ. ನೀರು ತಡೆಯೂದು ಅದು. ಹೊರಗೆ ಕಣ್ಣಿಗೆ ಕಾಣುವ ಬಿಳಿ ಗೆರೆ ಅಲ್ಲ. ವರ್ಷಗಳು ಕಳೆದ ಹಾಗೆ ಆ ಪಟ್ಟಿ ಬಿಸಿಲಿಗೆ ಒಣಗಿ ತೆಳ್ಳಗಾಗಿ ಅಲ್ಲಲ್ಲಿ ಬಿಟ್ಕೊಳ್ತದೆ, ಮೂಲೆಯಲ್ಲಿ ಮೊದ್ಲು. ನಮ್ಮಲ್ಲಿ ಟೆಂಪೋ ಟ್ರಾವೆಲರನ್ನೇ ಕ್ಯಾಂಪರ್ ಮಾಡಿಸಿದ ಗಾಡಿಗಳಲ್ಲಂತೂ ಎಷ್ಟೋ ಸಲ ಆ ಪಟ್ಟಿನೇ ಇರೂದಿಲ್ಲ ಮಾರಾಯ್ರೆ, ಫ್ರೇಮು ಇಟ್ಟು ಸ್ಕ್ರೂ ಹೊಡೆದು ಸುತ್ತ ಸಿಲಿಕಾನ್ ಎಳೆದು ಕೊಟ್ಟಿರ್ತಾರೆ, ಮೊದಲ ಬೇಸಿಗೆ ತನಕ ಅದು ಚೆನ್ನಾಗೇ ಇರ್ತದೆ.

ಬೇಸಿಗೆ ಎಂತ ಮಾಡ್ತದೆ ಅಂದ್ರೆ, ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಪಟ್ಟಿ 40 ಡಿಗ್ರಿ ಬಿಸಿ ಏರಿದ್ರೆ ಹತ್ರ ಹತ್ರ 0.9 ಮಿಲಿಮೀಟರ್ ಉದ್ದ ಆಗ್ತದೆ, ಅದ್ರ ಹಿಂದೆ ಗೋಡೆಯೊಳಗಿನ ಕಬ್ಬಿಣದ ಪೈಪು ಅದರ ಅರ್ಧದಷ್ಟು ಮಾತ್ರ. ಏಪ್ರಿಲ್ ಮಧ್ಯಾಹ್ನ ಬೀಚಲ್ಲಿ ನಿಂತ ಗಾಡಿಯ ಮೈ ಮುಟ್ಲಿಕ್ಕಾಗದಷ್ಟು ಕಾದಿರ್ತದೆ, ಜೂನಲ್ಲಿ ಮಳೆ ಹೊಡೆದಾಗ ತಣ್ಣಗಾಗ್ತದೆ. ಹೀಗೆ ಫ್ರೇಮು ಒಂದಷ್ಟು ಗೋಡೆ ಒಂದಷ್ಟು ಹಿಗ್ಗಿ ಕುಗ್ಗಿ ಎಳೆದಾಡುವಾಗ ಮೇಲಿಂದ ಮೇಲೆ ಬಳಿದ ತೆಳು ಗೆರೆ ಎಲ್ಲಾದ್ರೂ ಒಂದು ಕಡೆ ಕೂದಲೆಳೆಯಷ್ಟು ಬಿಡ್ತದೆ. ನೀರಿಗೆ ಅಷ್ಟು ಸಾಕು. ಕೆಲವರು ಎಂ-ಸೀಲ್ ಮೆತ್ತಿಸ್ಕೊಂಡು ಬರ್ತಾರೆ, ಅದು ಪೈಪಿನ ತೂತಿಗೆ ಒಳ್ಳೇದೇ, ಆದ್ರೆ ಕಲ್ಲಿನ ಹಾಗೆ ಗಟ್ಟಿ ಆಗುವ ವಸ್ತು ಅಲುಗಾಡುವ ಗಾಡಿಗೆ ಆಗೂದಿಲ್ಲ.

ಸಿಲಿಕಾನಿನ ಇನ್ನೊಂದು ಕಥೆ ಹೇಳ್ಬೇಕು. ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಗುವ ಟ್ಯೂಬ್ ಬಳಿವಾಗ ವಿನೆಗರ್ ವಾಸನೆ ಮೂಗಿಗೆ ಹೊಡೀತದಲ್ಲ, ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡ್ತದೆ. ಬಾತ್‌ರೂಮ್ ಟೈಲ್ಸಿಗೆ, ಅಕ್ವೇರಿಯಂ ಗಾಜಿಗೆ ತೊಂದ್ರೆ ಇಲ್ಲ, ಆದ್ರೆ ಕಬ್ಬಿಣ, ಜಿಂಕ್ ಶೀಟು ಇದ್ದಲ್ಲಿ ಬಳಿದ್ರೆ ಅದ್ರ ಅಡಿಗೇ ತುಕ್ಕು ಶುರು ಆಗ್ತದೆ, ಮೊದಲೇ ಉಪ್ಪು ಗಾಳಿಯ ಊರು ನಮ್ಮದು. ಬಳಿಲೇಬೇಕು ಅಂತಿದ್ರೆ ನ್ಯೂಟ್ರಲ್ ಅಂತ ಟ್ಯೂಬ್ ಮೇಲೆ ಬರ್ದಿರ್ತದೆ, ಅದನ್ನ ಕೇಳಿ ತಕಳ್ಳಿ. ಅದಕ್ಕಿಂತ ದೊಡ್ಡ ತಾಪತ್ರಯ, ಒಮ್ಮೆ ಸಿಲಿಕಾನ್ ಹಿಡಿದ ಜಾಗಕ್ಕೆ ಆಮೇಲೆ ಬೇರೆ ಯಾವ್ದೂ ಹಿಡಿಯೂದಿಲ್ಲ. ಪಿಯು (ಪಾಲಿಯುರೆಥೇನ್) ಸೀಲೆಂಟೂ ಇಲ್ಲ, ಪೇಂಟೂ ಇಲ್ಲ, ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನೂ ಸರಿ ಕೂರೂದಿಲ್ಲ. ಕಣ್ಣಿಗೆ ಕ್ಲೀನ್ ಕಂಡ್ರೂ ಎಣ್ಣೆ ಸವರಿದ ಹಾಗೆ ಒಂದು ಪದರ ಉಳ್ದಿರ್ತದೆ. ಹಾಗಾಗಿ ದಾರಿ ಮಧ್ಯೆ ಒಂದು ರಾತ್ರಿಗೆ ನೀರು ತಡೀಬೇಕು ಅಂತಾದ್ರೆ ಸಿಲಿಕಾನ್ ಬದ್ಲು ಅಗಲದ ವಾಟರ್‌ಪ್ರೂಫ್ ಟೇಪು ಅಂಟಿಸಿ, ಇಲ್ಲ ಮೇಲೆ ಒಂದು ಪ್ಲಾಸ್ಟಿಕ್ ತಾಡಪಾಲು ಕಟ್ಟಿ, ಮರುದಿನ ಬಿಚ್ಚಿ ಬಿಸಾಡ್ಲಿಕ್ಕಾದ್ರೂ ಆಗ್ತದೆ.

ಇನ್ನೊಂದು ವಿಷಯ, ಸೋರ್ತದೆ ಹೇಳಿ ಬರುವ ಗಾಡಿಗಳಲ್ಲಿ ಎಷ್ಟೋ ಸಲ ಅಂಟಿನದ್ದು ತಪ್ಪೇ ಇರೂದಿಲ್ಲ. ಸ್ಲೈಡಿಂಗ್ ಕಿಟಕಿಯ ಕೆಳಗೆ ಗಾಜು ಓಡುವ ಟ್ರ್ಯಾಕು ಇರ್ತದಲ್ಲ, ಅದ್ರೊಳಗೆ ಮಳೆನೀರು ಬರೂದು ಸಹಜ, ಅದನ್ನ ಮಾಡಿದ್ದೇ ಹಾಗೆ. ಬಂದ ನೀರು ಹೊರಗೆ ಹೋಗ್ಲಿಕ್ಕೆ ಟ್ರ್ಯಾಕಿನ ಹೊರಮುಖಕ್ಕೆ ಸಣ್ಣ ಸಣ್ಣ ತೂತು ಇರ್ತಾವೆ. ಬೀಚಲ್ಲಿ ಗಾಳಿಮರದ ಅಡಿಗೆ ನೆರಳು ಹೇಳಿ ಗಾಡಿ ನಿಲ್ಲಿಸ್ತಾರೆ, ಆ ಮರದ ಸೂಜಿ ಎಲೆ ಮತ್ತೆ ಮರಳು ಸೇರಿ ಆ ತೂತಲ್ಲಿ ಜಡಿದು ಕೂತ್ರೆ ನೀರಿಗೆ ಹೋಗ್ಲಿಕ್ಕೆ ದಾರಿ ಇಲ್ಲ, ಟ್ರ್ಯಾಕು ತುಂಬಿ ಒಳಗಡೆ ಹಾಸಿಗೆ ಮೇಲೆ ಇಳೀತದೆ. ಒಂದು ತೆಂಗಿನ ಹಿಡಿಕಡ್ಡಿ ತಕಂಡು ಕುತ್ತಿ, ಮಗ್ಗಲ್ಲಿ ನೀರು ಹಾಕಿ ನೋಡಿ, ಹೊರಗೆ ಸುರಿದ್ರೆ ಮುಗೀತು, ಖರ್ಚು ಸೊನ್ನೆ. ಮತ್ತೆ ಸಿಲಿಕಾನ್ ವೀರರು ಮಾಡೂದೇ ಇದು, ಫ್ರೇಮಿನ ಕೆಳಗಿನ ಅಂಚಿಗೂ ದಪ್ಪಗೆ ಬಳಿದು ಆ ತೂತುಗಳನ್ನೂ ಮುಚ್ಚಿ ಹಾಕ್ತಾರೆ, ಸೋರದ ಕಿಟಕಿ ಅವತ್ತಿಂದ ಸೋರ್ಲಿಕ್ಕೆ ಶುರು. ಗಾಡಿ ಓರೆ ನಿಲ್ಸಿದ್ರೂ ಹೀಗೇ ಆಗ್ತದೆ, ನೀರೆಲ್ಲ ಟ್ರ್ಯಾಕಿನ ಒಂದು ತುದಿಗೆ ಓಡಿ ತೂತಿಲ್ಲದ ಕಡೆ ತುಂಬ್ತದೆ. ಗಾಜು ಓಡುವ ಫೆಲ್ಟು, ಅಂದ್ರೆ ಉಣ್ಣೆಯಂಥ ಪಟ್ಟಿ, ಸವೆದು ಚಪ್ಪಟೆ ಆಗಿದ್ರೆ ಬದಲಾಯ್ಸಿ, ಅದು ಮೀಟರ್ ಲೆಕ್ಕದಲ್ಲಿ ಸಿಕ್ತದೆ, ದೊಡ್ಡ ಬೆಲೆ ಏನಲ್ಲ.

ಇನ್ನು ನಿಜವಾಗ್ಲೂ ಸೋರೂದು ಎಲ್ಲಿಂದ ಅನ್ನೂದು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನ ಹೇಳೂದು ಬೇಡ, ಹಂಚು ಒಡೆದದ್ದು ಜಗುಲಿ ಮೇಲೆ, ಹನಿ ಬೀಳೂದು ಅಡುಗೆಮನೆಯಲ್ಲಿ. ಗಾಡಿಯಲ್ಲೂ ಕಿಟಕಿ ಮೂಲೆಯಲ್ಲಿ ಒದ್ದೆ ಕಂಡ್ರೆ ಕಿಟಕಿದೇ ತಪ್ಪು ಹೇಳಿ ತೀರ್ಮಾನ ಮಾಡ್ಬೇಡಿ. ಮೇಲೆ ಕ್ಯಾರಿಯರು ಇರ್ತದೆ, ಸೋಲಾರ್ ಪ್ಯಾನೆಲಿನ ಸ್ಕ್ರೂ ಇರ್ತದೆ, ಎಸಿ ಕೂರಿಸಿದ ಕಿಂಡಿ ಇರ್ತದೆ, ಬದಿಯಲ್ಲಿ ಬಿಚ್ಚುವ ಶಾಮಿಯಾನದ ರೈಲು ಇರ್ತದೆ, ಅಲ್ಲೆಲ್ಲೋ ಇಳಿದ ನೀರು ಗೋಡೆಯ ಒಳಗಿನ ಪೈಪಿನ ಮೇಲೆ ಹರಿದು ಬಂದು ಕಿಟಕಿ ಫ್ರೇಮು ಸಿಕ್ಕಿದಲ್ಲಿ ಹೊರಗೆ ಬರ್ತದೆ. ಇದನ್ನ ಹಿಡೀಲಿಕ್ಕೆ ಒಣ ದಿನ ನೋಡಿ ಇಬ್ಬರು ಬೇಕು, ಒಬ್ಬ ಒಳಗೆ ಟಾರ್ಚ್ ಹಿಡ್ಕೊಂಡು, ಪರದೆ, ಆಗೂದಾದ್ರೆ ಸುತ್ತಲಿನ ಪ್ಲೈವುಡ್ಡೂ ತೆಗೆದು. ಹೊರಗಿನವ ತೋಟದ ಪೈಪಲ್ಲಿ ಮೆಲ್ಲಗೆ ನೀರು ಬಿಡ್ಬೇಕು, ಕೆಳಗಿಂದ ಶುರು ಮಾಡಿ. ಮೊದ್ಲು ಕಿಟಕಿ ಕೆಳಗಿನ ಅಂಚು ಮಾತ್ರ, ಹತ್ತು ನಿಮಿಷ ಕಾಯಿ, ಒಳಗೆ ಹನಿ ಇಲ್ಲದಿದ್ರೆ ಬದಿಗೆ, ಆಮೇಲೆ ಮೇಲಿನ ಅಂಚಿಗೆ, ಎಲ್ಲ ಆದ ಮೇಲೆ ಮಾಡಿಗೆ, ಅಂದ್ರೆ ಛಾವಣಿಗೆ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಇಳಿದು ಯಾವ್ದು ತಪ್ಪು ಯಾವ್ದು ಸರಿ ಗೊತ್ತೇ ಆಗೂದಿಲ್ಲ. ಸರ್ವಿಸ್ ಸ್ಟೇಶನ್ನಿನ ಪ್ರೆಶರ್ ಪಂಪು ಇದಕ್ಕೆ ಬೇಡ್ವೇ ಬೇಡ, ಅದ್ರ ಹೊಡೆತಕ್ಕೆ ಸರಿ ಇದ್ದ ರಬ್ಬರೂ ದಾರಿ ಬಿಡ್ತದೆ.

ಒಂದು ವಿಚಿತ್ರ ಕೇಳ್ತಾರೆ, ನಿಂತಾಗ ಸೋರೂದಿಲ್ಲ ಓಡುವಾಗ ಮಾತ್ರ ಸೋರ್ತದೆ ಹೇಳಿ. ವಿಚಿತ್ರ ಎಂತದೂ ಇಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎದುರುಮುಖದ ಗಾಜಿಗೆ ಬಡಿಯುವ ಗಾಳಿಯ ಒತ್ತಡ ಸುಮಾರು 3 ಸೆಂಟಿಮೀಟರ್ ನೀರನ್ನ ಮೇಲೆತ್ತುವಷ್ಟು ಇರ್ತದೆ, ಡ್ರೈವರ್ ತಲೆ ಮೇಲಿನ ಕಿಟಕಿಯಲ್ಲಿ ನೀರು ತಡೆಯುವ ಅಂಚು ಅದಕ್ಕಿಂತ ಗಿಡ್ಡ ಇದ್ರೆ ನೀರು ಹತ್ತಿ ಒಳಗೆ ಬರ್ತದೆ. ನಮ್ಮ ಕರಾವಳಿ ಹೆದ್ದಾರಿ 66 ಸಮುದ್ರದ ಗುಂಟ ಉದ್ದಕ್ಕೆ ಹೋಗ್ತದೆ, ಮಳೆಗಾಲದ ಗಾಳಿ ನೈರುತ್ಯದಿಂದ ಬೀಸ್ತದೆ, ಹಾಗಾಗಿ ಭಟ್ಕಳದಿಂದ ಕಾರವಾರದ ಕಡೆ ಬರುವವರಿಗೆ ಎಡಗಡೆ ಕಿಟಕಿ, ತಿರುಗಿ ಹೋಗುವವರಿಗೆ ಬಲಗಡೆ ಕಿಟಕಿ ಇರಚಲು ತಿನ್ನೂದು. ಟೆಸ್ಟ್ ಮಾಡುವಾಗ ಯಾವ ದಿಕ್ಕಿಗೆ ಹೋಗುವಾಗ ಒದ್ದೆ ಆಯ್ತು ಅಂತ ಹೇಳಿದ್ರೆ ನಮ್ಮ ಅರ್ಧ ಕೆಲಸ ಕಡಿಮೆ.

ಮತ್ತೆ ಎಲ್ಲ ಒದ್ದೆನೂ ಸೋರಿಕೆ ಅಲ್ಲ ಅನ್ನೂದೂ ಗೊತ್ತಿರ್ಲಿ. ಡಿಸೆಂಬರಲ್ಲಿ ಶಿರಸಿ, ಯಲ್ಲಾಪುರ ಕಡೆ ರಾತ್ರಿ ಚಳಿಗೆ ಎಲ್ಲಾ ಕಿಟಕಿ ಮುಚ್ಚಿ ನಾಲ್ಕು ಜನ ಮಲಗಿ, ಮೇಲಿಂದ ಒಳಗೇ ಅನ್ನ ಬೇಯ್ಸಿದ್ರೆ ಬೆಳಿಗ್ಗೆ ಗಾಜಿನ ಒಳಮೈಯೆಲ್ಲ ಹನಿ ಇಳೀತದೆ, ಅದು ಮನುಷ್ಯರ ಉಸಿರು ಮತ್ತೆ ಹಬೆ, ಮಳೆ ಅಲ್ಲ. ಎದುರು ಬದುರು ಎರಡು ಕಿಟಕಿ ಬೆರಳಗಲ ತೆಗೆದು ಮಲಗಿ. ಮಳೆ ಬಾರದ ದಿನವೂ ಒದ್ದೆ ಆದ್ರೆ ಎಸಿಯ ಡ್ರೈನ್ ಪೈಪು ಕಟ್ಟಿದೆಯಾ ಮೊದ್ಲು ನೋಡಿ.

ಈಗ ಸರಿಯಾದ ಕೆಲಸ. ಸ್ಕ್ರೂ ಬಿಚ್ಚಿ ಒಳ ರಿಂಗು ತೆಗೆಯುವಾಗ ಹೊರಗೆ ಒಬ್ಬ ಫ್ರೇಮನ್ನ ಹಿಡ್ಕೊಂಡಿರ್ಬೇಕು, ಇಲ್ಲಾಂದ್ರೆ ಇಡೀ ಕಿಟಕಿ ರಸ್ತೆಗೆ. ಹಳೇ ಅಂಟನ್ನ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೀಬೇಕು, ಕಬ್ಬಿಣದ ಪಟ್ಟಿ ಹಾಕಿದ್ರೆ ಪೇಂಟು ಹೋಗಿ ಅಲ್ಲೇ ಮುಂದಿನ ತುಕ್ಕು. ಉಳಿದ ಜಿಗುಟನ್ನ ಟರ್ಪೆಂಟೈನಲ್ಲಿ ಒರೆಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಪೂರಾ ಒಣಗಿಸಿ. ಹೊರಗಿಂದ ತರಿಸಿದ ಗಾಡಿಗಳಲ್ಲಿ ಗಾಜಿನ ಬದ್ಲು ಎರಡು ಪದರದ ಆಕ್ರಿಲಿಕ್ ಕಿಟಕಿ ಇರ್ತದೆ, ಬೆರಳಲ್ಲಿ ಬಡಿದ್ರೆ ಸದ್ದಲ್ಲೇ ಗೊತ್ತಾಗ್ತದೆ, ಅದಕ್ಕೆ ಮಾತ್ರ ಥಿನ್ನರು, ಪೆಟ್ರೋಲು, ಸ್ಪಿರಿಟ್ಟು ಯಾವ್ದೂ ತಾಗಿಸ್ಬೇಡಿ, ಮೈಯೆಲ್ಲ ಸಣ್ಣ ಸಣ್ಣ ಬಿರುಕು ಬಿಡ್ತದೆ, ಸೋಪು ನೀರು ಸಾಕು. ಕಿಂಡಿಯ ಒಳಗೆ ಕಬ್ಬಿಣದ ಪೈಪು ತುಕ್ಕು ಹಿಡ್ದಿದ್ರೆ ಬ್ರಶ್ ಹೊಡೆದು ಪ್ರೈಮರು ಹಾಕಿ ಅದು ಒಣಗೂ ತನಕ ತಡೀರಿ. ಪ್ಲೈವುಡ್ ಮೆತ್ತಗಾಗಿದ್ರೆ ಅಷ್ಟು ತುಂಡು ಕತ್ತರಿಸಿ ತೆಗೆದು ಹೊಸದು ಹಾಕ್ಬೇಕು, ಸ್ಕ್ರೂಗೆ ಹಿಡಿತ ಇಲ್ಲದ ಮೇಲೆ ಎಂಥ ಟೇಪು ಹಾಕಿ ಎಂತ ಪ್ರಯೋಜನ. ಹಾಕೂದಾದ್ರೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈ ಹಾಕಿ, ಕಮರ್ಷಿಯಲ್ ಪ್ಲೈ ನಮ್ಮ ಕಡೆಯ ಎರಡು ಮಳೆಗಾಲ ಕಾಣೂದಿಲ್ಲ.

ಆಮೇಲೆ ಬ್ಯೂಟೈಲ್. ಫ್ರೇಮಿನ ಅಂಚಿಗೆ ಸುತ್ತ ಅಂಟಿಸೂದು, ಶುರು ಮಾಡೂದು ಕೆಳಗಿನ ಅಂಚಿನ ಮಧ್ಯದಿಂದ, ಮುಗಿಸೂದೂ ಅಲ್ಲೇ, ಜಾಯಿಂಟು ಮೇಲೆ ಬರ್ಬಾರ್ದು. ಮೂಲೆಯಲ್ಲಿ ಎಳೀಬಾರ್ದು, ಎಳೆದ್ರೆ ಅಲ್ಲಿ ತೆಳ್ಳಗಾಗ್ತದೆ, ನೀರು ಬರೂದೂ ಮೂಲೆಯಲ್ಲೇ. ನೆರಿಗೆ ಇರುವ ಶೀಟಿನ ಮೈಯಾದ್ರೆ ಒಂದು ಪದರ ಸಾಲೂದಿಲ್ಲ, ತಗ್ಗಿನಲ್ಲಿ ಇನ್ನೊಂದು ತುಂಡು ತುಂಬಿ. ಕಿಟಕಿ ಕೂರ್ಸಿ ಸ್ಕ್ರೂ ಹಾಕುವಾಗ ಒಂದು ಕಡೆಯಿಂದ ಬಿಗೀತಾ ಹೋಗ್ಬೇಡಿ, ಎದುರು ಬದುರು ಸ್ವಲ್ಪ ಸ್ವಲ್ಪ, ಸುತ್ತಲೂ ಟೇಪು ಸಮನಾಗಿ ಹೊರಗೆ ಇಣುಕೂ ತನಕ. ಡ್ರಿಲ್ ಮಿಷಿನಲ್ಲಿ ಗರ್ ಹೇಳಿ ಬಿಗಿದ್ರೆ ಫ್ರೇಮು ಬಾಗ್ತದೆ, ಇಲ್ಲ ಸ್ಕ್ರೂ ಥ್ರೆಡ್ಡು ಹೋಗ್ತದೆ. ಒಂದೆರಡು ದಿನ ಬಿಸಿಲಲ್ಲಿ ನಿಲ್ಸಿ, ಟೇಪು ಮೆತ್ತಗಾಗಿ ಇನ್ನೂ ಸ್ವಲ್ಪ ಒತ್ಕೊಂಡು ಬರ್ತದೆ, ಮತ್ತೊಮ್ಮೆ ಕೈಯಲ್ಲಿ ಸ್ಕ್ರೂ ನೋಡಿ, ಹೊರಗೆ ಬಂದ ಟೇಪನ್ನ ಪ್ಲಾಸ್ಟಿಕ್ ಚಾಕುವಲ್ಲಿ ಕತ್ತರಿಸಿ. ಅಷ್ಟಾದ ಮೇಲೆ ಬೇಕಾದ್ರೆ ಮೇಲಿನ ಅಂಚಿಗೆ ಮತ್ತೆ ಎರಡು ಬದಿಗೆ ಪಿಯು ಸೀಲೆಂಟಿನ ಸಣ್ಣ ಗೆರೆ ಎಳೀಬಹುದು, ಕೆಳಗಿನ ಅಂಚಿಗೆ ಖಂಡಿತ ಬೇಡ, ಅಪ್ಪಿತಪ್ಪಿ ಒಳಗೆ ಹೋದ ನೀರು ಹೊರಗೆ ಬರ್ಲಿಕ್ಕೆ ದಾರಿ ಬೇಕು. ಸ್ಟೀಲ್ ಸ್ಕ್ರೂನೇ ಹಾಕ್ತೇನೆ ಅನ್ನುವವರಿಗೆ ಒಂದು ಮಾತು, ಸ್ಟೇನ್‌ಲೆಸ್ ಸ್ಟೀಲು ಅಲ್ಯುಮಿನಿಯಂ ಎರಡೂ ಉಪ್ಪುನೀರಲ್ಲಿ ಒಂದಕ್ಕೊಂದು ತಾಗಿ ಕೂತ್ರೆ ಅಲ್ಯುಮಿನಿಯಂ ಬಿಳಿ ಪುಡಿ ಆಗಿ ಉದುರ್ತದೆ, ಸ್ಕ್ರೂ ತಲೆ ಅಡಿಗೆ ಚೂರು ಬ್ಯೂಟೈಲ್ ಇಟ್ಟು ಹಾಕಿ.

ಈ ಟೇಪು ನಮ್ಮ ಊರಿನ ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೂದಿಲ್ಲ ಅನ್ನೂದು ನಿಜ, ಕೇಳಿದ್ರೆ ಕರೆಂಟಿನ ಟೇಪು ಕೊಡ್ತಾರೆ. ಶೀಟಿನ ಮಾಡು ಹಾಕುವವರ ಹತ್ರ ವಿಚಾರಿಸಿ, ಕಾರಿನ ಹೆಡ್‌ಲೈಟ್ ಬಿಚ್ಚಿ ಸೀಲ್ ಮಾಡುವವರ ಹತ್ರನೂ ಕಪ್ಪು ಬ್ಯೂಟೈಲ್ ಇರ್ತದೆ. ಆನ್‌ಲೈನಲ್ಲಂತೂ ಸಿಕ್ಕೇ ಸಿಕ್ತದೆ. ಕೆಲಸ ಗೊತ್ತಿರುವ ಕೈ ಬೇಕು ಅಂದ್ರೆ ಬರೀ ಗ್ಯಾರೇಜಿಗೇ ಹೋಗ್ಬೇಕಂತಿಲ್ಲ, ತದಡಿ, ಹೊನ್ನಾವರ, ಕಾರವಾರದ ಬೈತಖೋಲ ಕಡೆ ಬೋಟಿನ ಫೈಬರ್ ಕೆಲಸ ಮಾಡುವವರಿದ್ದಾರಲ್ಲ, ನೀರು ಎಲ್ಲಿಂದ ಬರ್ತದೆ ಅನ್ನೂದು ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ, ಫೈಬರ್ ಮೈಯ ಗಾಡಿಯಾದ್ರೆ ಕಣ್ಣುಮುಚ್ಚಿ ಅವರ ಹತ್ರ ಹೋಗಿ. ಆದ್ರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟಿನ ಮೀನುಗಾರಿಕೆ ನಿಷೇಧ, ಆ ಹೊತ್ತಲ್ಲಿ ಬೋಟೆಲ್ಲ ದಡಕ್ಕೆ ಎಳೆದು ರಿಪೇರಿ ಮಾಡ್ತಾರೆ, ಅವರು ನಿಮ್ಮ ಕೈಗೆ ಸಿಗೂದಿಲ್ಲ.

ಸಿಕ್ಕಿದ್ರೂ ಆ ಹೊತ್ತಲ್ಲಿ ಈ ಕೆಲಸ ಮಾಡ್ಸಬಾರ್ದು. ಅಂಟೂ ಟೇಪೂ ಒಣ ಮೈಗೆ ಮಾತ್ರ ಹಿಡಿಯೂದು. ಪಿಯು ಸೀಲೆಂಟು ಗಾಳಿಯ ತೇವ ಹೀರಿಕೊಂಡೇ ಗಟ್ಟಿ ಆಗೂದು, ಅದಕ್ಕೆ ನಮ್ಮ ಕರಾವಳಿಯ ಹವೆ ಒಳ್ಳೇದೇ, ಆದ್ರೆ ಬಳಿಯುವ ಹೊತ್ತಿಗೆ ಮೈ ಒದ್ದೆ ಇದ್ರೆ ಸಿಪ್ಪೆ ಎದ್ದ ಹಾಗೆ ಎದ್ದು ಬರ್ತದೆ. ನಾವು ಮಿರ್ಗದ, ಅಂದ್ರೆ ಮೃಗಶಿರಾ ಮಳೆಗೆ ಮುಂಚೆ ಮಾಡಿನ ಹಂಚು ನೋಡ್ತೇವೆ, ಇರಚಲು ಹೊಡೆಯುವ ಕಡೆ ತಟ್ಟಿ ಕಟ್ತೇವೆ, ಕಟ್ಟಿಗೆ ಒಳಗೆ ಹಾಕ್ತೇವೆ. ಬೆಂಗಳೂರಿಂದ ಬರುವ ಗಾಡಿಗೆ ಆ ಅಂದಾಜು ಇರೂದಿಲ್ಲ, ಅಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಇಲ್ಲಿ ಸುಮಾರು ಮೂರು ಪಟ್ಟು, ಅದ್ರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಅಲ್ಲಿ ಸೋರದ ಕಿಟಕಿ ದೇವಿಮನೆ ಘಾಟಿ ಇಳಿಯುವಷ್ಟರಲ್ಲಿ ಸೋರ್ತದೆ. ಹಾಗಾಗಿ ಸಂಪಾದಕರೇ, ಮುಂದಿನ ಸಲ ಮಳೆಗಾಲದ ಕ್ಯಾರವಾನ್ ಪ್ರವಾಸದ ಬಗ್ಗೆ ಬರೆಸೂದಾದ್ರೆ ಅದನ್ನ ಜುಲೈಯಲ್ಲಿ ಹಾಕ್ಬೇಡಿ, ಮಾರ್ಚಲ್ಲೋ ಏಪ್ರಿಲಲ್ಲೋ ಹಾಕಿ, ಗಾಡಿ ತಕಂಡು ಹೊರಡುವ ಮುಂಚೆ ಕಿಟಕಿ ಬಿಚ್ಚಿ ಕೂರ್ಸಿ ಅಂತ ಬರ್ದು ಹಾಕಿ, ಆ ಸಿಲಿಕಾನ್ ಮಾತಿಗೆ ಒಂದು ತಿದ್ದುಪಡಿನೂ ಹಾಕಿ.

ಇದ್ದ ಕಿಟಕಿ ಬಿಚ್ಚಿ ಅದನ್ನೇ ಕೂರ್ಸಿದ್ರೆ ಯಾವ ಕಾಗದ ಪತ್ರನೂ ಬೇಡ. ಸೋರೂ ಕಿಟಕಿ ಬೇಡ, ದೊಡ್ಡದು ಇಡ್ತೇನೆ ಹೇಳಿ ಗಾಡಿಯ ಮೈ ಕತ್ತರಿಸ್ಲಿಕ್ಕೆ ಹೊರಟ್ರೆ ಮಾತ್ರ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಅಡ್ಡ ಬರ್ತದೆ, ಮೊದ್ಲು ಆರ್‌ಟಿಓ ಆಫೀಸಲ್ಲಿ ಕೇಳಿಯೇ ಕತ್ತರಿ ಹಾಕಿ.

ಕೊನೆಗೆ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ತಕಳ್ಳುವವರಿಗೆ, ಈಗ ಇದರ ವ್ಯಾಪಾರ ಜೋರಾಗಿದೆ, ಅದಕ್ಕೆ ಹೇಳ್ತೇನೆ. ಎಂಜಿನ್, ಟೈರು ನೋಡುವ ಮೊದ್ಲು ಹಾಸಿಗೆ ಎತ್ತಿ ಕಿಟಕಿ ಕೆಳಗಿನ ಎರಡು ಮೂಲೆಯ ಪ್ಲೈವುಡ್ಡನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಒಳಗೆ ಹೋದ್ರೆ ಗೋಡೆ ಕೊಳೆತಿದೆ. ಬೂಸ್ರು ವಾಸನೆ ಮುಚ್ಲಿಕ್ಕೆ ರೂಮ್ ಫ್ರೆಶ್ನರ್ ಹೊಡ್ದಿರ್ತಾರೆ, ಕಪಾಟಿನ ಬಾಗಿಲು ತೆಗೆದು ಒಳಗೆ ಮೂಗು ಹಾಕಿ. ಸ್ಕ್ರೂ ತಲೆ ಸುತ್ತ ಕಂದು ಬಣ್ಣ ಇಳ್ದಿದೆಯಾ, ಪರದೆಯ ಕೆಳಗಿನ ಅಂಚಲ್ಲಿ ನೀರಿನ ಕಲೆ ಇದೆಯಾ ನೋಡಿ. ಮತ್ತೆ ಹಳೇ ಗಾಡಿಯ ಕಿಟಕಿ ಸುತ್ತ ಹೊಸಾ ಬಿಳಿ ಸಿಲಿಕಾನ್ ಗೆರೆ ಫಳಫಳ ಹೊಳೀತಿದ್ರೆ ಒಳ ರಿಂಗು ಬಿಚ್ಚಿ ತೋರಿಸಿ ಅಂತ ಕೇಳಿ, ಮಾರುವವರು ಒಪ್ಪದಿದ್ರೆ ಗೋಡೆ ರಿಪೇರಿಯ ದುಡ್ಡು ಕಳೆದು ರೇಟು ಮಾತಾಡಿ, ಇಲ್ಲ ಆ ಗಾಡಿ ಬಿಟ್ಟು ಬನ್ನಿ.

ಇಂತಿ,
ಗಾಜಿನ ಕೆಲಸದವ, ಕುಮಟಾ